ಒತ್ತಕ್ಷರ ಉಳಿದ ಬಗೆ: ಅಚ್ಚಿನ ಮೊಳೆಯಿಂದ ಬ್ರೌಸರಿನ ಹಾಳೆಯವರೆಗೆ

ಕೆಲವು ವರ್ಷಗಳ ಹಿಂದಿನ ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭ ಅನೇಕ ಸದಸ್ಯ ಬಂಧುಗಳಿಗೆ ನೆನಪಿರಬಹುದು. ವೇದಿಕೆಯ ಹಿಂದೆ ಹತ್ತು ಅಡಿ ಅಗಲದ ಬ್ಯಾನರೊಂದನ್ನು ಕಟ್ಟಲಾಗಿತ್ತು. ಹಳದಿ ಕೆಂಪು ಬಣ್ಣಗಳೇನೋ ಕಣ್ತುಂಬುವಂತಿದ್ದವು. ಆದರೆ ‘ರಾಜ್ಯೋತ್ಸವ’ ಎಂದಿರಬೇಕಾದ ಕಡೆ ‘ರಾಜ್‌ಯೋತ್‌ಸವ’ ಎಂದು ಅಚ್ಚಾಗಿತ್ತು. ಒತ್ತಕ್ಷರಗಳೆಲ್ಲ ತಾಯಿಯ ಸೊಂಟದಿಂದ ಇಳಿದ ಮಕ್ಕಳಂತೆ ಸಾಲಿನಲ್ಲಿ ಬೇರೆ ಬೇರೆಯಾಗಿ ನಿಂತಿದ್ದವು. ಹಿರಿಯರು ಮುಗುಳ್ನಕ್ಕು ಸುಮ್ಮನಾದರು. ಅಧ್ಯಕ್ಷರು ಭಾಷಣದಲ್ಲಿ ಆ ಕಡೆ ತಿರುಗಿ ನೋಡಲಿಲ್ಲ.

ಆ ಬ್ಯಾನರನ್ನು ಸಿದ್ಧಪಡಿಸಿದ ಮಹನೀಯರು ಬೇರೆ ಯಾರೂ ಅಲ್ಲ, ನಾವೇ. ಕಛೇರಿಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಕಡತಗಳನ್ನು ನೋಡುವವರು, ಮೇಲಾಗಿ ವಿಜ್ಞಾನ ಪದವೀಧರರು, ಇಷ್ಟು ಚಿಕ್ಕ ಕೆಲಸ ಬಾರದೇ ಎಂದುಕೊಂಡು ಒಪ್ಪಿಕೊಂಡಿದ್ದೆವು. ನಗೆಪಾಟಲಾದದ್ದಕ್ಕೆ ನಮಗೆ ಅಷ್ಟಾಗಿ ಬೇಸರವಾಗಲಿಲ್ಲ. ಬೇಸರವಾದದ್ದು ಮನೆಗೆ ಮರಳುವಾಗ. ಆಗ ಒಂಬತ್ತು ವರ್ಷದವಳಾಗಿದ್ದ ನಮ್ಮ ಮಗಳು ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಕಲಿಯುವವಳು. ಕನ್ನಡ ಅಕ್ಷರವನ್ನು ಮನೆಯಲ್ಲಿ ಭಾನುವಾರಗಳಂದು ನಮ್ಮಿಂದಲೇ ತಿದ್ದಿ ತಿದ್ದಿ ಕಲಿತಿದ್ದಳು. ರಾಯಪುರಂ ನಿಲ್ದಾಣದಲ್ಲಿ ಇಳಿದು ಮನೆಯ ಕಡೆ ನಡೆಯುತ್ತಿರುವಾಗ ಮೆಲ್ಲಗೆ, “ಅಪ್ಪಾ, ನನಗೆ ಒತ್ತಕ್ಷರ ಇನ್ನೂ ಸರಿಯಾಗಿ ಬರೋದಿಲ್ಲ. ಬ್ಯಾನರ್ ಓದೋಕೆ ಆಗಲೇ ಇಲ್ಲ” ಎಂದಳು. ತಪ್ಪು ಬ್ಯಾನರಿನದು, ಆದರೆ ಮಗು ಅದನ್ನು ತನ್ನ ತಪ್ಪೆಂದು ಭಾವಿಸಿತ್ತು. ಕರ್ನಾಟಕದಲ್ಲಿ ಬೆಳೆಯುವ ಮಗುವಿಗೆ ಬೀದಿಯ ಪ್ರತಿಯೊಂದು ಫಲಕವೂ ಸರಿಯಾದ ಅಕ್ಷರವನ್ನು ತೋರಿಸಿಕೊಡುತ್ತದೆ. ನಮ್ಮ ಮಕ್ಕಳಿಗೆ ಸಂಘದ ಆಮಂತ್ರಣ, ಸಂಘದ ಫಲಕ, ಸಂಘದ ಪತ್ರಿಕೆ, ಇವಿಷ್ಟೇ ಕನ್ನಡದ ಬೀದಿ. ಅಲ್ಲಿಯೇ ಅಕ್ಷರ ಮುರಿದಿದ್ದರೆ ಅವರು ಯಾವುದನ್ನು ನಂಬಬೇಕು?

ಆ ರಾತ್ರಿಯಿಂದ, ಕನ್ನಡ ಅಕ್ಷರ ಹೀಗೇಕೆ ಒಡೆಯುತ್ತದೆ, ಈಗ ಎಲ್ಲರೂ ಬಳಸುವ, ಬ್ರೌಸರಿನಲ್ಲಿಯೇ ನಡೆಯುವ ವಿನ್ಯಾಸ ತಂತ್ರಾಂಶಗಳಲ್ಲಿ ಅದನ್ನು ಕೂಡಿಸುವುದು ಹೇಗೆ ಎಂದು ಹುಡುಕತೊಡಗಿದೆವು. ಹುಡುಕುತ್ತ ಹೋದಂತೆ ದಾರಿ ಇನ್ನೂರು ವರ್ಷ ಹಿಂದಕ್ಕೆ, ಅದೂ ನಾವಿರುವ ಇದೇ ಪಟ್ಟಣಕ್ಕೆ, ಕರೆದೊಯ್ದಿತು. ಆ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಕಥೆ ತಿಳಿದರೆ ತಂತ್ರಾಂಶವನ್ನು ಹಿಡಿಯುವುದೂ ಸುಲಭವಾಗುತ್ತದೆ ಎಂಬುದು ನಮ್ಮ ಅನುಭವ.

ಮದರಾಸಿನ ಮೊಳೆಗಳು

ಕನ್ನಡ ಮುದ್ರಣ ಎಂದೊಡನೆ ನಮಗೆ ಮಂಗಳೂರು ನೆನಪಾಗುತ್ತದೆ. ಅದು ನ್ಯಾಯವೇ. ಆದರೆ ಮಂಗಳೂರಿಗಿಂತ ಮೊದಲೇ ಕನ್ನಡದ ಅಚ್ಚಿನ ಮೊಳೆಗಳು ಎರಡು ದೂರದ ಊರುಗಳಲ್ಲಿ ಮಸಿ ಕಂಡಿದ್ದವು. ಬಂಗಾಳದ ಸಿರಾಂಪುರದಲ್ಲಿ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದರು. ಇನ್ನೊಂದು ಊರು ಮದರಾಸು. ಇಲ್ಲಿ 1812ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಕಂಪನಿಯ ಕಿರಿಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸುತ್ತಿತ್ತು. ಕಲಿಸಲು ಪುಸ್ತಕ ಬೇಕು. ಪುಸ್ತಕಕ್ಕೆ ಅಚ್ಚು ಬೇಕು. 1820ರಲ್ಲಿ ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ ಮದರಾಸಿನಲ್ಲಿ ಮುದ್ರಣವಾಯಿತು. ಬಳ್ಳಾರಿಯಲ್ಲಿದ್ದ ಮಿಷನರಿ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಇಲ್ಲಿಂದಲೇ ಹೊರಬಂದವು. ಕಿಟ್ಟೆಲ್ ಅವರ ಮಹಾನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ, ಅಂದರೆ ಅರವತ್ತೆರಡು ವರ್ಷಗಳ ತರುವಾಯ.

ಕನ್ನಡ ನಿಘಂಟಿಗೆ ಮದರಾಸೇಕೆ ಎಂದು ಕಿರಿಯರು ಕೇಳಬಹುದು. ಆಗ ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲ ಎಲ್ಲವೂ ಮದರಾಸು ಪ್ರಾಂತ್ಯದಲ್ಲಿದ್ದವು. ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿದ್ದು 1953ರಲ್ಲಿ. ದಕ್ಷಿಣ ಕನ್ನಡ ಸೇರಿದ್ದು 1956ರಲ್ಲಿ. ಆ ಜಿಲ್ಲೆಯದೇ ಭಾಗವಾಗಿದ್ದ ಕಾಸರಗೋಡು ಅದೇ ವರ್ಷ ಕೇರಳದ ಪಾಲಾಯಿತು. ಅಲ್ಲಿಯವರೆಗೆ ಆ ಕನ್ನಡಿಗರಿಗೆಲ್ಲ ರಾಜಧಾನಿ ಇದೇ ಊರು. ನಾವು ಇಲ್ಲಿ ಪರಸ್ಥಳದವರೆಂದು ಭಾವಿಸಿಕೊಳ್ಳುತ್ತೇವೆ. ನಮ್ಮ ಅಕ್ಷರವಾದರೋ ಈ ಊರಿನ ಹಳೆಯ ನಿವಾಸಿ. 1856ರಲ್ಲಿ ರಾಯಪುರಂ ರೈಲು ನಿಲ್ದಾಣದಿಂದ ವಾಲಾಜಾ ರಸ್ತೆಗೆ ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು ಹೊರಡುವಾಗ ಮದರಾಸಿನ ಕನ್ನಡ ಅಚ್ಚಿಗೆ ಆಗಲೇ ಮೂವತ್ತಾರು ವರ್ಷ ಕಳೆದಿತ್ತು.

ಮೊಳೆ ಜೋಡಿಸುವವರ ಕಷ್ಟವನ್ನು ಈಗ ಊಹಿಸಿಕೊಳ್ಳೋಣ. ಇಂಗ್ಲಿಷಿಗೆ ದೊಡ್ಡಕ್ಷರ ಇಪ್ಪತ್ತಾರು, ಸಣ್ಣಕ್ಷರ ಇಪ್ಪತ್ತಾರು, ಒಂದಿಷ್ಟು ಚಿಹ್ನೆಗಳು, ಇಷ್ಟಾದರೆ ಸಾಕು. ಕನ್ನಡದ ವರ್ಣಮಾಲೆ ನಲವತ್ತೊಂಬತ್ತೇ ಆದರೂ ವ್ಯಂಜನಗಳು ಮೂವತ್ನಾಲ್ಕು, ಸ್ವರಗಳು ಹದಿಮೂರು. ಗುಣಿತಾಕ್ಷರಗಳೇ ನಾನೂರ ನಲವತ್ತೆರಡು. ಒಂದು ವ್ಯಂಜನಕ್ಕೆ ಇನ್ನೊಂದರ ಒತ್ತು ಎಂದರೆ ಮೂವತ್ನಾಲ್ಕು ಗುಣಿಸು ಮೂವತ್ನಾಲ್ಕು, ಒಂದು ಸಾವಿರದ ನೂರೈವತ್ತಾರು. ಇವೆಲ್ಲಕ್ಕೂ ಬೇರೆ ಬೇರೆ ಮೊಳೆ ಎರೆಯುವುದು ಆಗದ ಮಾತು. ಆದ್ದರಿಂದ ಅಕ್ಷರವನ್ನು ತುಂಡುಗಳನ್ನಾಗಿ ಮಾಡಿ, ತಲೆಕಟ್ಟು, ಕೊಂಬು, ಏತ್ವ, ಒತ್ತುಗಳನ್ನು ಬೇರೆ ಮೊಳೆಗಳಾಗಿ ಎರೆದು, ಸಾಲಿನಲ್ಲಿ ಅಕ್ಕಪಕ್ಕ, ಮೇಲೆ ಕೆಳಗೆ ಹೊಂದಿಸುತ್ತಿದ್ದರು. ಒತ್ತು ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರ ಹೆಚ್ಚುತ್ತಿತ್ತು. ಒಂದು ಚೂರು ಜಾರಿದರೂ ಪದ ಕೆಡುತ್ತಿತ್ತು. ನಮ್ಮ ಬ್ಯಾನರಿನ ತೊಡಕು ಹೊಸದೇನಲ್ಲ ಎಂದು ಆಗ ತಿಳಿಯಿತು.

ಕಲ್ಲಚ್ಚು ಮತ್ತು ಸೈಕ್ಲೋಸ್ಟೈಲ್

ಈ ತೊಡಕನ್ನು ತಪ್ಪಿಸಲು ಇನ್ನೊಂದು ಉಪಾಯವಿತ್ತು. ಜರ್ಮನಿಯ ಸೆನೆಫೆಲ್ಡರ್ 1796ರಲ್ಲಿ ಕಂಡುಹಿಡಿದ ಕಲ್ಲಚ್ಚಿನಲ್ಲಿ ಮೊಳೆಯೇ ಬೇಡ. ಜಿಡ್ಡಿನ ಮಸಿಯಿಂದ ಬರೆದದ್ದು ಕಲ್ಲಿನ ಮೇಲೆ ನಿಂತರೆ ಕಲ್ಲಿನ ಉಳಿದ ಭಾಗ ನೀರು ಹೀರುತ್ತದೆ. ಅಚ್ಚಿನ ಮಸಿ ಜಿಡ್ಡಿಗೆ ಮಾತ್ರ ಅಂಟುತ್ತದೆ. ಕೈ ಹೇಗೆ ಬರೆಯಿತೋ ಹಾಗೆಯೇ ಪ್ರತಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1841ರಲ್ಲಿ ಆರಂಭಿಸಿದ್ದು ಇಂಥ ಕಲ್ಲಚ್ಚಿನ ಮುದ್ರಣಾಲಯ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿಯೇ ಬಂದಿತು.

ಕಲ್ಲಚ್ಚಿನಲ್ಲಿ ಒತ್ತಕ್ಷರ ಎಂದೂ ಒಡೆಯುವುದಿಲ್ಲ. ಆದರೆ ಅದಕ್ಕೆ ಒಂದು ಕೊರತೆಯಿದೆ: ಅಲ್ಲಿರುವುದು ಅಕ್ಷರವಲ್ಲ, ಅಕ್ಷರದ ಚಿತ್ರ. ಒಂದು ಪದ ತಿದ್ದಬೇಕಾದರೆ ಕಲ್ಲನ್ನು ಉಜ್ಜಿ ಮತ್ತೆ ಬರೆಯಬೇಕು. ಮೊಳೆಯಾದರೆ ಕಿತ್ತು ಬೇರೆಯದನ್ನು ಇಡಬಹುದು, ಬಿಚ್ಚಿ ಇನ್ನೊಂದು ಪುಸ್ತಕಕ್ಕೆ ಬಳಸಬಹುದು. ಚಿತ್ರವಾಗಿ ಉಳಿಯುವ ಬರಹ, ಅಕ್ಷರವಾಗಿ ಉಳಿಯುವ ಬರಹ ಎಂಬ ಈ ಎರಡು ದಾರಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇವೆರಡರ ನಡುವಿನ ಹೊಯ್ದಾಟವೇ.

ನಮ್ಮ ಬಾಲ್ಯದಲ್ಲಿ, 1980ರ ದಶಕದ ಕೊನೆಯಲ್ಲಿ, ತಂದೆಯವರು ಸಂಘದ ಆಮಂತ್ರಣ ಬರೆಯುತ್ತಿದ್ದ ದೃಶ್ಯ ಕಣ್ಣಿಗೆ ಕಟ್ಟಿದಂತಿದೆ. ನೆರೆಹೊರೆಯ ಅಚ್ಚುಕೂಟಗಳಲ್ಲಿ ತಮಿಳು, ಇಂಗ್ಲಿಷ್ ಮೊಳೆಗಳಿದ್ದವು; ಕನ್ನಡವಿರಲಿಲ್ಲ. ಆದುದರಿಂದ ಮೇಣದ ಸ್ಟೆನ್ಸಿಲ್ ಹಾಳೆಯನ್ನು ಹಲಗೆಯ ಮೇಲೆ ಹರಡಿ, ಉಕ್ಕಿನ ಕಡ್ಡಿಯಿಂದ ಒಂದೊಂದೇ ಅಕ್ಷರವನ್ನು ಉಸಿರು ಬಿಗಿಹಿಡಿದು ಗೀರುತ್ತಿದ್ದರು. ಮಕ್ಕಳು ಆ ಕೋಣೆಯಲ್ಲಿ ಓಡಾಡುವಂತಿರಲಿಲ್ಲ. ಮರುದಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ನೂರು ಪ್ರತಿ. ಮಸಿ ಅಲ್ಲಲ್ಲಿ ಹರಡಿದ್ದರೂ ಒಂದು ಒತ್ತಕ್ಷರವೂ ತಪ್ಪುತ್ತಿರಲಿಲ್ಲ. ಅದೂ ಒಂದು ಬಗೆಯ ಕಲ್ಲಚ್ಚೇ.

ಹೀಗೆಂದ ಮಾತ್ರಕ್ಕೆ ಈ ಊರಿನಲ್ಲಿ ಕನ್ನಡದ ಅಂದವಾದ ಅಚ್ಚು ಇರಲಿಲ್ಲವೆಂದಲ್ಲ. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ ‘ಚಂದಮಾಮ’ ಮುಂದೆ ಕನ್ನಡದಲ್ಲಿಯೂ ಮದರಾಸಿನಿಂದಲೇ ಬಂದು ಕರ್ನಾಟಕದ ಮನೆಮನೆಯನ್ನು ತಲುಪಿತು. ಅದರ ಮುಖಪುಟಗಳಲ್ಲಿ ಮಹಾಭಾರತವನ್ನು ಕಣ್ಮುಂದೆ ನಿಲ್ಲಿಸಿದ ಎಂ. ಟಿ. ವಿ. ಆಚಾರ್ಯರು ನಮ್ಮವರೇ. ಆದರೆ ದೊಡ್ಡ ಪ್ರಕಾಶನದ ಮಾತು ಬೇರೆ, ಐವತ್ತು ಮನೆಯ ಸಂಘದ ಮಾತು ಬೇರೆ. ಸಣ್ಣವರ ಕೈಗೆ ಅಚ್ಚು ಬಂದದ್ದು ಕಂಪ್ಯೂಟರಿನಿಂದ.

ಮುಖವಾಡ ತೊಟ್ಟ ಅಕ್ಷರ

1984ರಲ್ಲಿ ಮ್ಯಾಕಿಂತೋಷ್ ಕಂಪ್ಯೂಟರ್, 1985ರಲ್ಲಿ ಪೇಜ್‌ಮೇಕರ್ ತಂತ್ರಾಂಶ ಮತ್ತು ಲೇಸರ್ ಮುದ್ರಕ ಬಂದ ಮೇಲೆ ಪುಟವಿನ್ಯಾಸ ಮೇಜಿನ ಮೇಲಿನ ಕೆಲಸವಾಯಿತು. ಕೆಲವೇ ವರ್ಷಗಳಲ್ಲಿ ನಮ್ಮ ಊರುಗಳ ಬೀದಿಗಳಲ್ಲಿಯೂ ‘ಡಿಟಿಪಿ’ ಅಂಗಡಿಗಳು ತೆರೆದುಕೊಂಡವು. ಆದರೆ ಈ ತಂತ್ರಾಂಶಗಳಿಗೆ ಗೊತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಇನ್ನೂರೈವತ್ತಾರು ಮನೆಗಳು ಮಾತ್ರ. ನಮ್ಮವರು ಒಂದು ಜಾಣತನ ಮಾಡಿದರು. ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ತುಂಡೊಂದನ್ನು ಕೂರಿಸಿದರು. ಕಂಪ್ಯೂಟರ್ ತಾನು ಇಂಗ್ಲಿಷ್ ಬರೆಯುತ್ತಿದ್ದೇನೆಂದು ತಿಳಿದಿರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಕನ್ನಡ. ಮೊಳೆ ಜೋಡಿಸುವವರ ತುಂಡಕ್ಷರದ ಪದ್ಧತಿಯೇ ಇಲ್ಲಿಯೂ ಮುಂದುವರಿಯಿತು.

ಈ ಕಾಲದ ದುಡಿಮೆಗಾರರನ್ನು ಕನ್ನಡಿಗರು ಮರೆಯುವಂತಿಲ್ಲ. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಯ ಕ್ರಮಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಕರ್ನಾಟಕ ಸರ್ಕಾರ ಅಂಗೀಕರಿಸಿದ ಕೀಲಿಮಣೆಗೆ ಅದೇ ತಳಹದಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಪರಸ್ಥಳದ ಕನ್ನಡಿಗರು ಮನೆಯಲ್ಲಿ ಕುಳಿತು ಕನ್ನಡ ಟೈಪು ಮಾಡಲು ಸಾಧ್ಯವಾದದ್ದು ಇಂಥವುಗಳಿಂದಲೇ.

ಆದರೆ ಮುಖವಾಡದ ಅಕ್ಷರಕ್ಕೆ ಒಂದು ಅಪಾಯ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಮುಖವಾಡ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಹಲ್ಲು ಕಿರಿಯುತ್ತವೆ. ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಯೊಂದರ ಕಡತವನ್ನು ಇತ್ತೀಚೆಗೆ ತೆರೆದಾಗ ಆದದ್ದು ಇದೇ. ಹಿರಿಯರೊಬ್ಬರು ತಮ್ಮ ಊರಿನ ಬಗ್ಗೆ ಬರೆದ ಲೇಖನ ಪರದೆಯ ಮೇಲೆ ಚಿಹ್ನೆಗಳ ರಾಶಿಯಾಗಿತ್ತು. ಪರಿವರ್ತಕ ತಂತ್ರಾಂಶಗಳ ನೆರವಿನಿಂದ ಬಹುಪಾಲನ್ನು ಮರಳಿ ಪಡೆದೆವೆನ್ನಿ.

ಮೂರು ಭಾಷೆಗಳ ಒಂದೇ ಬೀದಿ

ಈ ರೋಗಕ್ಕೆ ಔಷಧವಾಗಿ ಬಂದದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ನೂರ ಇಪ್ಪತ್ತೆಂಟು ಮನೆಗಳ ಸ್ವಂತ ಬೀದಿಯನ್ನು ಅದು ಕೊಟ್ಟಿತು. ಭಾರತೀಯ ಲಿಪಿಗಳಿಗಾಗಿ ನಮ್ಮ ದೇಶದಲ್ಲಿ ಆಗಲೇ ರೂಪುಗೊಂಡಿದ್ದ ಇಸ್ಕಿ ಎಂಬ ಸಂಕೇತ ಪದ್ಧತಿಯ ಜಾಡಿನಲ್ಲಿಯೇ ಈ ಮನೆಗಳನ್ನು ಜೋಡಿಸಲಾಯಿತು. ಫಲವಾಗಿ ಒಂದು ಸೊಗಸು ಮೂಡಿತು. ತಮಿಳಿನ ‘ಕ’ಕಾರದ ಸಂಖ್ಯೆ 2965, ತೆಲುಗಿನದು 3093, ಕನ್ನಡದ್ದು 3221. ಒಂದೊಂದರ ನಡುವೆ ಸರಿಯಾಗಿ 128ರ ಅಂತರ. ನಮ್ಮ ರಾಯಪುರಂನ ವಠಾರದಲ್ಲಿ ತಮಿಳರು, ಅವರ ಪಕ್ಕದಲ್ಲಿ ತೆಲುಗರು, ಅವರ ಪಕ್ಕದಲ್ಲಿ ನಾವು ಇರುವಂತೆಯೇ ಅಲ್ಲಿಯೂ ಮೂರು ಬೀದಿಗಳು ಸಾಲಾಗಿವೆ. ಮನೆಗಳ ಕ್ರಮವೂ ಒಂದೇ. ಈ ಭಾಷೆಗಳು ಒಂದೇ ಕುಟುಂಬದವೆಂದು 1816ರಲ್ಲಿ ಎಲ್ಲಿಸ್ ಎಂಬ ಅಧಿಕಾರಿ ವಾದಿಸಿದ್ದೂ ಇದೇ ಮದರಾಸಿನ ಕಾಲೇಜಿನ ಆಶ್ರಯದಲ್ಲಿಯೇ ಎಂಬುದು ನೆನೆಯಬೇಕಾದ ಸಂಗತಿ.

ಯೂನಿಕೋಡ್ ತುಂಡುಗಳನ್ನು ಎಣಿಸುವುದಿಲ್ಲ, ಅಕ್ಷರವನ್ನು ಎಣಿಸುತ್ತದೆ. ‘ಕ್ಷ’ ಎಂಬುದು ಅದಕ್ಕೆ ಮೂರು ಸಂಖ್ಯೆಗಳು: ಕ 3221, ಹಲಂತ 3277, ಷ 3255. ಇವನ್ನು ಓದಿ, ‘ಷ’ವನ್ನು ಒತ್ತಾಗಿಸಿ ‘ಕ’ದೊಂದಿಗೆ ಕೂಡಿಸುವ ಕೆಲಸ ಇನ್ನೊಂದು ತಂತ್ರಾಂಶದ್ದು. ಅದನ್ನು ಅಕ್ಷರ ಹೊಂದಿಸುವ ಯಂತ್ರವೆನ್ನೋಣ. ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರ ಸ್ಥಾನ ಅದರದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟಿನೊಡನೆ ಈ ಸೌಕರ್ಯ ಬಂದಿತು. ಇಂದಿನ ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳಲ್ಲಿ ಈ ಕೆಲಸ ಮಾಡುವುದು ‘ಹಾರ್ಫ್‌ಬಜ್’ ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಯಂತ್ರ. ಎಲ್ಲಿ ಹೊಂದಿಸುವ ಯಂತ್ರವಿಲ್ಲವೋ, ಅಥವಾ ಇದ್ದೂ ಎಚ್ಚರಗೊಂಡಿಲ್ಲವೋ, ಅಲ್ಲಿ ಹಲಂತ ಹಲಂತವಾಗಿಯೇ ಉಳಿದು ‘ರಾಜ್ಯೋತ್ಸವ’ ಒಡೆಯುತ್ತದೆ. ನಮ್ಮ ಬ್ಯಾನರಿನ ರಹಸ್ಯ ಇಷ್ಟೇ. ಬ್ಯಾನರಿನ ಅಂಗಡಿಯ ಹಳೆಯ ತಂತ್ರಾಂಶಕ್ಕೆ ನಮ್ಮ ಯೂನಿಕೋಡ್ ಬರಹವನ್ನು ಅಂಟಿಸಿದ್ದೆವು. ಅದಕ್ಕೆ ಸಂಖ್ಯೆಗಳು ಸಿಕ್ಕವು, ಸಂಧಿ ತಿಳಿಯಲಿಲ್ಲ.

ಬ್ರೌಸರೇ ಕರಡು ಹಲಗೆಯಾದದ್ದು

ಪರದೆಯ ಮೇಲೆ ಚಿತ್ರ ಬರೆಯುವ ಕನಸು ಹೊಸದಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆದು ತೋರಿಸಿದ್ದರು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟು ಮರುವರ್ಷ ಮೊದಲ ಬ್ರೌಸರನ್ನು ಬರೆದಾಗ ಅದು ಪುಟಗಳನ್ನು ಓದುವ, ತಿದ್ದುವ ಸಾಧನವಾಗಿತ್ತು. 2001ರಲ್ಲಿ ಗೆರೆಚಿತ್ರಗಳಿಗೆ ಎಸ್‌ವಿಜಿ ಎಂಬ ಮಾನಕ ಬಂದಿತು. 2004ರಲ್ಲಿ ಆಪಲ್ ಸಂಸ್ಥೆ ಪುಟದೊಳಗೆ ಚಿತ್ರ ಬಿಡಿಸಲು ‘ಕ್ಯಾನ್ವಾಸ್’ ಎಂಬ ಜಾಗವನ್ನು ಕಲ್ಪಿಸಿತು. 2010ರಲ್ಲಿ ಗೂಗಲ್ ಫಾಂಟ್ಸ್ ಆರಂಭವಾಗಿ, ಅಕ್ಷರವೂ ಜಾಲದಿಂದಲೇ ಹರಿದುಬರುವಂತಾಯಿತು. ಹೀಗೆ ಬ್ರೌಸರು ಚಿತ್ರ ಬಿಡಿಸುವ ಹಲಗೆಯಾಯಿತು.

ಈ ಅವಕಾಶವನ್ನು ಸಾಮಾನ್ಯರಿಗೆ ಮುಟ್ಟಿಸಿದವರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಮೆಲನಿ ಪರ್ಕಿನ್ಸ್ ಮುಖ್ಯರು. ವಿದ್ಯಾರ್ಥಿನಿಯಾಗಿದ್ದಾಗ ಸಹಪಾಠಿಗಳಿಗೆ ವಿನ್ಯಾಸ ತಂತ್ರಾಂಶ ಕಲಿಸುತ್ತಿದ್ದ ಇವರು, ಗುಂಡಿಗಳು ಎಲ್ಲಿವೆ ಎಂದು ತಿಳಿಯುವುದರಲ್ಲಿಯೇ ಅವರ ಕಾಲ ಕಳೆಯುವುದನ್ನು ಕಂಡರು. 2007ರಲ್ಲಿ ಕ್ಲಿಫ್ ಒಬ್ರೆಕ್ಟ್ ಅವರೊಡನೆ ಸೇರಿ, ಶಾಲೆಗಳು ತಮ್ಮ ವಾರ್ಷಿಕ ಸಂಚಿಕೆಯನ್ನು ಬ್ರೌಸರಿನಲ್ಲಿಯೇ ಜೋಡಿಸಿಕೊಳ್ಳುವ ವ್ಯವಸ್ಥೆ ಮಾಡಿದರು. ಗಮನಿಸಬೇಕು: ಮೊದಲು ಕೈಗೆತ್ತಿಕೊಂಡದ್ದು ನಮ್ಮ ಸ್ಮರಣ ಸಂಚಿಕೆಯಂಥದ್ದನ್ನೇ. ಕ್ಯಾಮರನ್ ಆಡಮ್ಸ್ ಜೊತೆಗೂಡಿದ ಮೇಲೆ 2013ರಲ್ಲಿ ‘ಕ್ಯಾನ್ವಾ’ ಹೊರಬಂದಿತು. ಅದೇ ವರ್ಷ ಐವನ್ ಕುಟ್ಸ್‌ಕಿರ್ ಎಂಬ ಒಬ್ಬ ಯುವಕ ಛಾಯಾಚಿತ್ರ ತಿದ್ದುವ ‘ಫೋಟೋಪೀ’ಯನ್ನು ಬಿಟ್ಟರು. ಡಿಲನ್ ಫೀಲ್ಡ್ ಮತ್ತು ಇವಾನ್ ವಾಲೆಸ್ 2012ರಲ್ಲಿ ಆರಂಭಿಸಿದ ‘ಫಿಗ್ಮಾ’ 2016ರಲ್ಲಿ ಎಲ್ಲರಿಗೂ ತೆರೆಯಿತು. ಒಂದೇ ಹಾಳೆಯ ಮೇಲೆ ಹಲವರು ಏಕಕಾಲಕ್ಕೆ ಕೆಲಸ ಮಾಡುವುದು ಅದರ ಹೆಗ್ಗಳಿಕೆ.

ಈ ಹೊತ್ತಿಗೆ ಕನ್ನಡದ ಫಾಂಟುಗಳೂ ಜಾಲಕ್ಕೆ ಬಂದಿದ್ದವು. ನೋಟೋ ಮಾಲೆಯ ಕನ್ನಡ ಅಕ್ಷರಗಳು, ಮುಂಬಯಿಯ ಏಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’, 2022ರಲ್ಲಿ ಬಂದ ‘ಅನೇಕ್ ಕನ್ನಡ’ ಮುಂತಾದವು ಮುಕ್ತ ಪರವಾನಗಿಯವು. ಸಂಘದ ಆಮಂತ್ರಣಕ್ಕೆ ನಿರಾತಂಕವಾಗಿ ಬಳಸಬಹುದು.

ಆರಂಭಿಸುವವರಿಗೆ ನಾಲ್ಕು ಮಾತು

ಈ ತಂತ್ರಾಂಶಗಳನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಬೇಕಾಗಿಲ್ಲ. ಬ್ರೌಸರ್ ತೆರೆದು ಹೆಸರು ನೋಂದಾಯಿಸಿದರೆ ಆಯಿತು; ಫೋಟೋಪೀಗೆ ಅದೂ ಬೇಡ. ಮೊದಲ ಪ್ರಶ್ನೆ ಹಾಳೆಯ ಅಳತೆ. ಅಂಚೆಯಲ್ಲಿ ಕಳುಹಿಸುವ ಆಮಂತ್ರಣಕ್ಕೆ ಎ5 ಹಾಳೆ, ಅಂದರೆ 148 ಮಿಲಿಮೀಟರ್ ಅಗಲ, 210 ಉದ್ದ, ಸಾಕು. ಮೊಬೈಲಿನಲ್ಲಿ ಹಂಚುವುದಾದರೆ 1080 ಚುಕ್ಕೆಗಳ ಚೌಕ ಸಾಮಾನ್ಯ. ಮೊಬೈಲಿಗಾಗಿ ಮಾಡಿದ್ದನ್ನೇ ಹಿಗ್ಗಿಸಿ ಬ್ಯಾನರ್ ಮಾಡಿಸಿದರೆ ಮುಖಗಳೆಲ್ಲ ಮಂಜುಮಂಜಾಗುತ್ತವೆ.

ಎರಡನೆಯದು, ಕನ್ನಡವನ್ನು ಯೂನಿಕೋಡಿನಲ್ಲಿಯೇ ಟೈಪು ಮಾಡಬೇಕು. ಯಾರೋ ಕಳುಹಿಸಿದ ಚಿತ್ರದೊಳಗಿನ ಕನ್ನಡವನ್ನು ಕತ್ತರಿಸಿ ಅಂಟಿಸುವುದು ಮತ್ತೆ ಕಲ್ಲಚ್ಚಿಗೆ ಮರಳಿದಂತೆ, ತಿದ್ದಲಾಗದು, ಹುಡುಕಲಾಗದು. ತಂತ್ರಾಂಶದೊಳಗೆ ನಾವು ಬರೆದ ಪ್ರತಿಯೊಂದು ಸಾಲೂ ಇಂಥ ಸ್ಥಾನ, ಇಂಥ ಗಾತ್ರ, ಇಂಥ ಬಣ್ಣ ಎಂಬ ವಿವರಗಳಾಗಿ ಉಳಿದಿರುತ್ತದೆ. ಆದ್ದರಿಂದಲೇ ಈ ವರ್ಷದ ಆಮಂತ್ರಣದಲ್ಲಿ ದಿನಾಂಕ, ಅತಿಥಿಗಳ ಹೆಸರು ಬದಲಿಸಿದರೆ ಮುಂದಿನ ವರ್ಷದ್ದು ಸಿದ್ಧ.

ಮೂರನೆಯದು ಫಾಂಟಿನ ಆಯ್ಕೆ. ಪಟ್ಟಿಯಲ್ಲಿರುವ ನೂರಾರು ಹೆಸರುಗಳಲ್ಲಿ ಕನ್ನಡ ಬಲ್ಲವು ಕೆಲವೇ. ಇಂಗ್ಲಿಷಿನದೇ ಫಾಂಟನ್ನು ಆರಿಸಿದರೆ ತಂತ್ರಾಂಶ ತನಗೆ ತೋಚಿದ ಬೇರೊಂದು ಕನ್ನಡ ಫಾಂಟನ್ನು ಎರವಲು ತರುತ್ತದೆ, ಇಲ್ಲವೇ ಖಾಲಿ ಚೌಕಗಳನ್ನು ತೋರಿಸುತ್ತದೆ. ಕೆಲಸಕ್ಕೆ ಕೂರುವ ಮೊದಲು ನಾವು ಒಂದು ಪರೀಕ್ಷೆ ಮಾಡುತ್ತೇವೆ. ರಾಜ್ಯೋತ್ಸವ, ರಾಷ್ಟ್ರ, ಕ್ಷೇತ್ರ, ಸ್ತ್ರೀ, ಅರ್ಕಾವತಿ, ಕೃಷ್ಣ, ಈ ಆರು ಪದಗಳನ್ನು ಬರೆದು ನೋಡುತ್ತೇವೆ. ಒತ್ತು, ಒತ್ತಿನ ಕೆಳಗಿನ ಒತ್ತು, ಅರ್ಕಾವೊತ್ತು, ವಟ್ರಸುಳಿ ಎಲ್ಲವೂ ಸರಿಯಾಗಿದ್ದರೆ ಫಾಂಟನ್ನು ಒಪ್ಪಿಕೊಳ್ಳುತ್ತೇವೆ. ಒಂದು ಕೆಟ್ಟರೂ ಬಿಡುತ್ತೇವೆ.

ನಾಲ್ಕನೆಯದು ಸಾಲುಗಳ ಅಂತರ. ತಂತ್ರಾಂಶ ತಾನಾಗಿ ಕೊಡುವ ಅಂತರ ಅನೇಕ ವೇಳೆ ಇಂಗ್ಲಿಷಿಗೆ ಹೊಂದುವಂಥದು. ಕನ್ನಡದ ಒತ್ತು ಕೆಳಗಿಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ, ಸ್ವಲ್ಪ ಸಡಿಲಿಸಬೇಕು. ಆದರೆ ಅಕ್ಷರ ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಚಟ ಕನ್ನಡಕ್ಕೆ ಸಲ್ಲದು, ಪದ ಬಿಡಿಬಿಡಿಯಾಗುತ್ತದೆ.

ಬಣ್ಣದ ವಿಚಾರದಲ್ಲಿ ನಮ್ಮ ಬಿ.ಎಸ್‌ಸಿ. ಪಾಠ ಒಮ್ಮೆ ಉಪಯೋಗಕ್ಕೆ ಬಂದಿತು. ಪರದೆ ಬೆಳಕನ್ನು ಕೂಡಿಸುತ್ತದೆ; ಅಲ್ಲಿ ಹಳದಿಯೆಂದರೆ ಕೆಂಪು ಮತ್ತು ಹಸಿರು ಬೆಳಕು ಸೇರಿದ್ದು. ಕಾಗದದ ಮೇಲೆ ಮಸಿ ಬೆಳಕನ್ನು ಕಳೆಯುತ್ತದೆ. ಅಲ್ಲಿ ಹಳದಿ ಒಂದೇ ಮಸಿ, ಕೆಂಪಿಗೆ ಹಳದಿಯ ಜೊತೆ ನಸುನೇರಳೆ ಕೆಂಪಿನ ಮಸಿ ಬೇಕು. ಮ. ರಾಮಮೂರ್ತಿಯವರು ಕೊಟ್ಟ ಹಳದಿ ಕೆಂಪು ಬಾವುಟ ಪರದೆಯ ಮೇಲೆ ಹೊಳೆದಷ್ಟು ಕಾಗದದ ಮೇಲೆ ಹೊಳೆಯದಿದ್ದರೆ ಮುದ್ರಕರೊಡನೆ ಜಗಳ ಬೇಡ. ಮೊದಲು ಒಂದೇ ಪ್ರತಿ ತೆಗೆಸಿ ನೋಡಬೇಕು.

ಕೊನೆಯದು, ಮತ್ತು ನಮಗೆ ಪಾಠ ಕಲಿಸಿದ್ದು: ಅಂಗಡಿಗೆ ಬರಹವನ್ನು ಕೊಡಬಾರದು, ಪಿಡಿಎಫ್ ಕೊಡಬೇಕು. ಫಾಂಟು ಒಳಗೊಂಡ ಪಿಡಿಎಫ್‌ನಲ್ಲಿ ಅಕ್ಷರಗಳು ಹೊಂದಿಸಿದಂತೆಯೇ ಭದ್ರವಾಗಿರುತ್ತವೆ. ಅಂಗಡಿಯವರು ತಮಿಳರಾದರೇನು, ತೆಲುಗರಾದರೇನು, ಕನ್ನಡ ಕೆಡುವುದಿಲ್ಲ. ಜೊತೆಗೆ, ತಂತ್ರಾಂಶದ ಖಾತೆ ಸಂಘದ ಹೆಸರಿನಲ್ಲಿರಲಿ. ಕಾರ್ಯದರ್ಶಿಗಳು ವರ್ಗವಾಗಿ ಹೋದಾಗ ವಿನ್ಯಾಸಗಳೂ ಅವರೊಡನೆ ಹೋಗಬಾರದು. ಚಿತ್ರಗಳು ದೂರದ ಕಂಪ್ಯೂಟರುಗಳಲ್ಲಿರುವುದರಿಂದ ಮುಖ್ಯವಾದವುಗಳ ಪ್ರತಿಯನ್ನು ನಮ್ಮಲ್ಲಿಯೂ ಇಟ್ಟುಕೊಳ್ಳುವುದು ವಿವೇಕ.

ಈ ವಿನ್ಯಾಸ ತಂತ್ರಾಂಶಗಳಲ್ಲಿ ಸಿದ್ಧ ಮಾದರಿಗಳು ಸಾವಿರಾರಿವೆ. ಆದರೆ ಮಾದರಿಯ ಮೇಲಿನ ಬರಹ ಇಂಗ್ಲಿಷ್. ಹಾಗೆಯೇ ಬಿಟ್ಟು ಕನ್ನಡ ಸಂಘದ ಆಮಂತ್ರಣವನ್ನು ಇಂಗ್ಲಿಷಿನಲ್ಲಿ ಕಳುಹಿಸುವ ಪ್ರಲೋಭನೆ ದೊಡ್ಡದು. ಮಕ್ಕಳಿಗೆ ಓದಲು ಸುಲಭವೆಂಬ ಸಮಾಧಾನವೂ ಇದೆ. ಒಂದೆರಡು ಬಾರಿ ನಾವೂ ಹಾಗೆ ಮಾಡಿದ್ದುಂಟು. ಮೊಳೆ ಸಿಗದ ಕಾಲದಲ್ಲಿ ಹಿರಿಯರು ಮೇಣದ ಹಾಳೆ ಗೀರಿದರು. ಎಲ್ಲವೂ ಸಿಗುವ ಕಾಲದಲ್ಲಿ ನಾವು ಅಕ್ಷರವನ್ನು ಬಿಟ್ಟರೆ ಅದಕ್ಕೆ ತಂತ್ರಾಂಶವನ್ನು ದೂರುವಂತಿಲ್ಲ.

ಕಳೆದ ಯುಗಾದಿಯ ಶುಭಾಶಯ ಪತ್ರವನ್ನು ನಮ್ಮ ಮಗಳೇ ಮಾಡಿದಳು. ಬೇವು ಬೆಲ್ಲದ ಚಿತ್ರ ಆರಿಸಿದ್ದು, ಬಣ್ಣ ಹಚ್ಚಿದ್ದು ಅವಳು. ನಾವು ಪಕ್ಕದಲ್ಲಿ ಕುಳಿತಿದ್ದೆವು ಅಷ್ಟೆ. ಎಲ್ಲ ಮುಗಿದ ಮೇಲೆ ಪರದೆಯನ್ನು ದೊಡ್ಡದು ಮಾಡಿ ಒಂದೊಂದೇ ಒತ್ತಕ್ಷರವನ್ನು ಬೆರಳಿಟ್ಟು ನೋಡಿದಳು. ಒಂದು ಕಡೆ ಬೆರಳು ನಿಂತಿತು. “ಇಲ್ಲಿ ಒತ್ತು ಕೂಡಿಲ್ಲ ಅಪ್ಪಾ, ಫಾಂಟ್ ಸರಿಯಿಲ್ಲ” ಎಂದಳು. ತಪ್ಪು ತನ್ನದೆಂದು ಅವಳು ಈ ಬಾರಿ ಹೇಳಲಿಲ್ಲ.